ವಿದ್ಯಾರ್ಥಿಗಳು ಓದಿನಲ್ಲಿ ಎಷ್ಟು ತೊಡಗಿದ್ದಾರೆ? ಕಾಲೇಜಿನಲ್ಲಿ ಸಮೀಕ್ಷೆ ಮಾಡುವವರಿಗೆ ಹಂತ ಹಂತದ ದಾರಿ

"ಸರ್, ಸ್ಟೂಡೆಂಟ್ ಎಂಗೇಜ್‌ಮೆಂಟ್ ಸರ್ವೆ ಮಾಡ್ಬೇಕಂತೆ, ನಿಮ್ಮ ಹತ್ರ ರೆಡಿ ಗೂಗಲ್ ಫಾರ್ಮ್ ಇದ್ರೆ ಕಳಿಸ್ತೀರಾ?" ಈ ಮೆಸೇಜು ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಐಕ್ಯೂಎಸಿ ಕೆಲಸ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಒಳಸಮಿತಿ) ತಲೆಗೆ ಬಿದ್ದ ಉಪನ್ಯಾಸಕರು. ಉಳಿದವರು ಎಂ.ಎಡ್., ಪಿಎಚ್‌.ಡಿ. ಮಾಡುತ್ತಿರುವವರು. ರೆಡಿ ಫಾರ್ಮ್ ಕಳಿಸಿದರೆ ಕೆಲಸ ಮುಗಿದಂತೆ ಕಾಣುತ್ತದೆ, ಆದರೆ ಮುಗಿಯುವುದಿಲ್ಲ. ಉತ್ತರ ಬಂದ ಮೇಲೆ ಅದನ್ನು ಏನು ಮಾಡಬೇಕು ಅಂತ ತಿಳಿಯದೆ, ಒಂದು ಬಣ್ಣಬಣ್ಣದ ಪೈ ಚಾರ್ಟ್ ಪ್ರಿಂಟ್ ಹಾಕಿ ಫೈಲಿಗೆ ಸೇರಿಸಿ ಸುಮ್ಮನಾಗುತ್ತೇವೆ. ಹಾಗಾಗಿ ಎಲ್ಲರಿಗೂ ಒಂದೇ ಸಲ ಇಲ್ಲಿ ಬರೆದಿದ್ದೇನೆ.

ನನ್ನ ಮಾತು ಒಂದೇ. ವಿದ್ಯಾರ್ಥಿಗಳಿಗೆ ಏನು ಇಷ್ಟವಾಯಿತು ಅಂತ ಕೇಳಬೇಡಿ, ಅವರು ಏನು ಮಾಡಿದರು ಅಂತ ಕೇಳಿ. ಯಾರಿಗೂ ಹೆದರದೆ ಉತ್ತರಿಸುವ ಹಾಗೆ ಕೇಳಿ. ನೂರಕ್ಕೆ ನೂರು ಜನ ಫಾರ್ಮ್ ತುಂಬಿದ್ದಾರೆ ಅಂದರೆ ನಾನಂತೂ ಮೊದಲು ಅನುಮಾನಪಡುತ್ತೇನೆ. ಹೆಚ್ಚಾಗಿ ಎಲ್ಲರನ್ನೂ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ, ಹಿಂದೆ ಮೇಷ್ಟ್ರು ನಿಂತು ತುಂಬಿಸಿರುತ್ತಾರೆ.

ಮೊದಲು ಎರಡು ಮಾತು: ಇದು ತೃಪ್ತಿಯ ಸಮೀಕ್ಷೆ ಅಲ್ಲ

ಎಂಗೇಜ್‌ಮೆಂಟ್ ಅಂದರೆ ಇಲ್ಲಿ ತೊಡಗಿಕೆ. ವಿದ್ಯಾರ್ಥಿ ತನ್ನ ಸಮಯ, ಶ್ರಮ, ಗಮನವನ್ನು ಕಲಿಕೆಗೆ ಎಷ್ಟು ಕೊಡುತ್ತಾನೆ, ಹಾಗೆ ಕೊಡಲು ಕಾಲೇಜು ಎಷ್ಟು ಅವಕಾಶ ಮಾಡಿಕೊಟ್ಟಿದೆ, ಎರಡೂ ಇದರಲ್ಲಿ ಸೇರಿವೆ. ಶಿಕ್ಷಣ ಸಂಶೋಧಕಿ ಫ್ರೆಡ್ರಿಕ್ಸ್ ಮತ್ತು ಅವರ ಜೊತೆಗಾರರು 2004ರಲ್ಲಿ ಇದನ್ನು ಮೂರು ಭಾಗ ಮಾಡಿ ಹೇಳಿದರು. ನಡವಳಿಕೆ (ಕ್ಲಾಸಿಗೆ ಬರುವುದು, ಅಸೈನ್‌ಮೆಂಟ್ ಮಾಡುವುದು), ಭಾವನೆ (ಇದು ನನ್ನ ಕಾಲೇಜು ಅನ್ನಿಸುವುದು, ವಿಷಯದಲ್ಲಿ ಆಸಕ್ತಿ), ಬುದ್ಧಿ (ಅರ್ಥ ಮಾಡಿಕೊಳ್ಳಲು ಪಡುವ ಪಾಡು). ಅವರು ನೋಡಿದ್ದು ಶಾಲೆಯ ಮಕ್ಕಳನ್ನು. ಆದರೂ ಕಾಲೇಜಿಗೆ ಈ ಮೂರು ಭಾಗ ಚೆನ್ನಾಗಿ ಒಗ್ಗುತ್ತವೆ.

ನಮ್ಮಲ್ಲಿ ಗೊಂದಲವಾಗುವುದು ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯಿಂದ. 2017ರಲ್ಲಿ ಬಂದ ಚೌಕಟ್ಟಿನಲ್ಲಿ ಅದು ಸೇರಿಕೊಂಡಿತು. ಅದರಲ್ಲಿ 21 ಪ್ರಶ್ನೆ. 20ಕ್ಕೆ ಆಯ್ಕೆ ಕೊಟ್ಟಿರುತ್ತಾರೆ, ಕೊನೆಯದರಲ್ಲಿ ಸಲಹೆ ಬರೆಯಬೇಕು. ಆ ಚೌಕಟ್ಟಿನಲ್ಲಿ ಕಾಲೇಜು ಕೊಡಬೇಕಾದ್ದು ವಿದ್ಯಾರ್ಥಿಗಳ ಪಟ್ಟಿ ಮಾತ್ರ, ಕೇಳುವವರು ನ್ಯಾಕ್‌ನವರೇ. ಪಾಠ ಎಷ್ಟು ಮುಗಿಯಿತು, ಮೇಷ್ಟ್ರು ತಯಾರಾಗಿ ಬರುತ್ತಿದ್ದರಾ ಎಂಬಂಥ ಪ್ರಶ್ನೆಗಳು ಅಲ್ಲಿವೆ. ಅಂದರೆ ವಿದ್ಯಾರ್ಥಿ ಕಾಲೇಜಿಗೆ ಮಾರ್ಕ್ಸ್ ಹಾಕುತ್ತಾನೆ. ಅದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಮೇಷ್ಟ್ರು ಚೆನ್ನಾಗಿ ನೋಟ್ಸ್ ಕೊಡುತ್ತಾರೆ ಅಂತ ತುಂಬಾ ಖುಷಿಯಾಗಿರುವ ವಿದ್ಯಾರ್ಥಿ ಇಡೀ ಸೆಮಿಸ್ಟರ್ ಒಂದು ಪುಸ್ತಕವನ್ನೂ ತೆರೆಯದೆ ಇರಬಹುದು, ಅಲ್ವಾ? ತೃಪ್ತಿ ಜಾಸ್ತಿ, ತೊಡಗಿಕೆ ಸೊನ್ನೆ. (ನ್ಯಾಕ್ ನಿಯಮಗಳು ಆಗಾಗ ಬದಲಾಗುತ್ತವೆ. ಅದಕ್ಕಾಗಿ ಏನಾದರೂ ಮಾಡುವುದಿದ್ದರೆ ಈಗಿನ ಕೈಪಿಡಿಯನ್ನೇ ನೋಡಿ.)

ತೊಡಗಿಕೆಯನ್ನೇ ಅಳೆಯುವ ದೊಡ್ಡ ಸಮೀಕ್ಷೆ ಅಮೆರಿಕದ ಎನ್‌ಎಸ್‌ಎಸ್‌ಇ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 2000ದಿಂದ ನಡೆಯುತ್ತಿದೆ. ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಕೇಳುತ್ತಾರೆ. ಓದಿನ ಸವಾಲು, ಗೆಳೆಯರ ಜೊತೆ ಕಲಿಕೆ, ಅಧ್ಯಾಪಕರ ಒಡನಾಟ, ಕ್ಯಾಂಪಸ್ ವಾತಾವರಣ ಎಂಬ ನಾಲ್ಕು ಗುಂಪು, ಅವುಗಳ ಅಡಿಯಲ್ಲಿ 10 ಸೂಚಕಗಳು. ಈ ಕಟ್ಟು ಚೆನ್ನಾಗಿದೆ, ನೋಡಿ ಕಲಿಯಿರಿ. ಪ್ರಶ್ನೆಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಒಂದು, ಅವರ ಪ್ರಶ್ನೆಗಳನ್ನು ಬಳಸಲು ಅನುಮತಿ ಬೇಕು. ಎರಡು, ಅಲ್ಲಿನ ಕ್ಯಾಂಪಸ್ಸಿನಲ್ಲೇ ವಾಸ ಮಾಡುವ ವಿದ್ಯಾರ್ಥಿಗೂ, ಬೆಳಗ್ಗೆ ಆರೂವರೆಯ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದು ಮಧ್ಯಾಹ್ನದ ಬಸ್ಸಿಗೆ ವಾಪಸ್ ಓಡುವ ನಮ್ಮ ಹುಡುಗಿಗೂ ಅಜಗಜಾಂತರ.

ಬೇಕಾಗುವ ಸಾಮಾನು

ಒಂದು ಗೂಗಲ್ ಫಾರ್ಮ್, ಒಂದು ಸ್ಪ್ರೆಡ್‌ಶೀಟ್, ಪ್ರವೇಶ ಪಟ್ಟಿ (ವಿಭಾಗ, ವರ್ಷ, ಲಿಂಗ ಇರುವಂಥದ್ದು), ಪ್ರಾಂಶುಪಾಲರ ಲಿಖಿತ ಒಪ್ಪಿಗೆ. ಜೊತೆಗೆ ಮೂರ್ನಾಲ್ಕು ಜನರ ತಂಡ, ಅದರಲ್ಲಿ ಇಬ್ಬರಾದರೂ ವಿದ್ಯಾರ್ಥಿಗಳು. ಸಂಶೋಧನೆಗಾಗಿ ಮಾಡುವವರಿಗೆ ನೈತಿಕ ಸಮಿತಿಯ (ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ಸಮಿತಿ) ಅನುಮತಿ ಕೂಡ ಬೇಕು. ಅದನ್ನು ಆಮೇಲೆ ತರೋಣ ಅನ್ನಬೇಡಿ, ಸಿಗುವುದಿಲ್ಲ.

ಹಂತ 1: ಉತ್ತರ ಬಂದರೆ ಏನು ಮಾಡುತ್ತೀರಿ ಅಂತ ಮೊದಲೇ ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಪ್ರಶ್ನೆ, ಬಲಗಡೆ "ಇದಕ್ಕೆ ಕೆಟ್ಟ ಉತ್ತರ ಬಂದರೆ ನಾವು ಏನು ಬದಲಾಯಿಸಬಹುದು?" ಬಲಗಡೆ ಬರೆಯಲು ಏನೂ ಹೊಳೆಯದಿದ್ದರೆ ಆ ಪ್ರಶ್ನೆ ಹೊಡೆದುಹಾಕಿ. ಲೈಬ್ರರಿಗೆ ಯಾರೂ ಹೋಗುತ್ತಿಲ್ಲ ಅಂತ ಗೊತ್ತಾದರೆ ಸಮಯ ಬದಲಾಯಿಸಬಹುದು, ಬಿಡುವಿನ ಪೀರಿಯಡ್ ಕೊಡಬಹುದು. ಅದು ನಿಮ್ಮ ಕೈಯಲ್ಲಿದೆ. ಸಿಲೆಬಸ್ ಭಾರವಾಗಿದೆ ಅಂತ ಗೊತ್ತಾದರೆ ಸಂಯೋಜಿತ ಕಾಲೇಜು ಮಾಡುವಂಥದ್ದು ಅಷ್ಟಕ್ಕಷ್ಟೆ, ಅದು ವಿಶ್ವವಿದ್ಯಾಲಯದ ಕೈಯಲ್ಲಿದೆ. ಈ ಒಂದು ಜರಡಿ ಹಿಡಿದರೆ 60 ಪ್ರಶ್ನೆಯ ಫಾರ್ಮು 25ಕ್ಕೆ ಇಳಿಯುತ್ತದೆ. 25 ಸಾಕು, ಅದಕ್ಕಿಂತ ಉದ್ದವಾದರೆ ಫೋನಿನಲ್ಲಿ ತುಂಬುವವರು ಅರ್ಧಕ್ಕೇ ಬೇಸತ್ತು ಕಣ್ಣುಮುಚ್ಚಿ ಒತ್ತುತ್ತಾ ಹೋಗುತ್ತಾರೆ.

ಹಂತ 2: ಪ್ರಶ್ನೆ ಬರೆಯುವುದು

ಇಲ್ಲಿ ಅವಸರ ಮಾಡಬೇಡಿ. ಇಡೀ ಸಮೀಕ್ಷೆಯ ಜೀವ ಇಲ್ಲಿದೆ.

ಎರಡು ಪ್ರಶ್ನೆ ಹೋಲಿಸಿ ನೋಡಿ. "ನೀವು ತರಗತಿ ಚಟುವಟಿಕೆಗಳಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳುತ್ತೀರಾ?" ಇದಕ್ಕೆ ಇಲ್ಲ ಅನ್ನುವ ಪುಣ್ಯಾತ್ಮ ಯಾರು? ಎಲ್ಲರೂ ಹೌದು ಅನ್ನುತ್ತಾರೆ. ಈಗ ಇನ್ನೊಂದು: "ಈ ಸೆಮಿಸ್ಟರ್‌ನಲ್ಲಿ ಕ್ಲಾಸ್ ನಡೆಯುವಾಗ ಎದ್ದು ನಿಂತು ಪ್ರಶ್ನೆ ಕೇಳಿದ್ದು ಎಷ್ಟು ಸಲ?" ಇದಕ್ಕೆ ನೆನಪು ಮಾಡಿಕೊಂಡು ಉತ್ತರಿಸಬೇಕಾಗುತ್ತದೆ. ಪ್ರಶ್ನೆಯಲ್ಲಿ ಕೆಲಸ ಕಣ್ಣಿಗೆ ಕಾಣಬೇಕು, ಕಾಲ ಗೊತ್ತಿರಬೇಕು.

ನಿಮಗೆ ಶುರು ಮಾಡಲು ಕೆಲವು ಮಾದರಿ ಕೊಡುತ್ತೇನೆ. ನಿಮ್ಮ ಕಾಲೇಜಿಗೆ ತಕ್ಕಂತೆ ತಿದ್ದಿಕೊಳ್ಳಿ. ಎಲ್ಲದಕ್ಕೂ ಮುಂದೆ "ಈ ಸೆಮಿಸ್ಟರ್‌ನಲ್ಲಿ ನೀವು ಎಷ್ಟು ಸಲ..." ಅಂತ ಸೇರಿಸಿ ಓದಿ.

ಓದಿನ ಶ್ರಮ: ನೋಟ್ಸ್ ಬಿಟ್ಟು ಬೇರೆ ಪುಸ್ತಕ ಅಥವಾ ಲೇಖನ ಓದಿದಿರಿ? ಅಸೈನ್‌ಮೆಂಟನ್ನು ಒಮ್ಮೆ ಬರೆದು, ಮತ್ತೆ ತಿದ್ದಿ ಬರೆದಿರಿ? ಪಾಠದ ವಿಷಯವನ್ನು ನಿಮ್ಮ ಊರಿನ ಅಥವಾ ಮನೆಯ ಯಾವುದಾದರೂ ಸಂಗತಿಗೆ ಹೊಂದಿಸಿ ನೋಡಿದಿರಿ?

ಗೆಳೆಯರ ಜೊತೆ: ಅರ್ಥವಾಗದ್ದನ್ನು ಕ್ಲಾಸ್‌ಮೇಟ್ ಹತ್ತಿರ ಕೇಳಿದಿರಿ? ಬೇರೆಯವರಿಗೆ ಪಾಠ ಹೇಳಿಕೊಟ್ಟಿರಿ? ಇಂಟರ್ನಲ್ಸ್‌ಗೆ ಗುಂಪಿನಲ್ಲಿ ಕೂತು ಓದಿದಿರಿ?

ಅಧ್ಯಾಪಕರ ಜೊತೆ: ಕ್ಲಾಸಿನ ಹೊರಗೆ ಪಾಠದ ಬಗ್ಗೆ ಮಾತಾಡಿದಿರಿ? ಮುಂದೆ ಏನು ಓದಬೇಕು, ಯಾವ ಕೆಲಸಕ್ಕೆ ಹೋಗಬೇಕು ಅಂತ ಕೇಳಿದಿರಿ? ಇಂಟರ್ನಲ್ಸ್ ಉತ್ತರ ಪತ್ರಿಕೆಯಲ್ಲಿ ಎಲ್ಲಿ ತಪ್ಪಾಯಿತು ಅಂತ ಅವರಿಂದ ತಿಳಿದುಕೊಂಡಿರಿ?

ಕಾಲೇಜಿನ ಜೊತೆ: ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆ, ಸಾಂಸ್ಕೃತಿಕ ಸಂಘದ ಕೆಲಸದಲ್ಲಿ ಸೇರಿಕೊಂಡಿರಿ? ಪಾಠವಿಲ್ಲದ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂತಿರಿ?

ಇವುಗಳ ಜೊತೆ ವಾರದ ಗಂಟೆಗಳನ್ನು ಕೇಳಿ. ಓದಿಗೆ ಎಷ್ಟು, ಸಂಬಳದ ಕೆಲಸಕ್ಕೆ ಎಷ್ಟು, ಮನೆಗೆಲಸ ಅಥವಾ ಹೊಲದ ಕೆಲಸಕ್ಕೆ ಎಷ್ಟು, ಓಡಾಟಕ್ಕೆ ಎಷ್ಟು. ಈ ನಾಲ್ಕು ಪ್ರಶ್ನೆ ಬಿಟ್ಟರೆ ಉಳಿದ ಉತ್ತರಗಳನ್ನು ತಪ್ಪಾಗಿ ಓದುತ್ತೀರಿ. ಸಂಜೆ ಬಟ್ಟೆ ಅಂಗಡಿಯಲ್ಲಿ ನಿಲ್ಲುವ ಹುಡುಗ ಗುಂಪಿನಲ್ಲಿ ಓದಲಿಲ್ಲ ಅಂದರೆ ಅದು ಸೋಮಾರಿತನವಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಉಳಿದಿದೆ, ಆದರೆ ಬಸ್ಸಿನ ಟೈಮು ಟೈಮೇ. ನಾಲ್ಕು ಗಂಟೆಯ ಮೇಲೆ ಇಟ್ಟ ಚಟುವಟಿಕೆಗೆ ಅವರು ಬರಲಿಲ್ಲವೆಂದರೆ ಕಾರಣ ಆಸಕ್ತಿಯಲ್ಲಿಲ್ಲ, ವೇಳಾಪಟ್ಟಿಯಲ್ಲಿದೆ.

ಈಗ ಪ್ರಶ್ನೆ ಬರೆಯುವಾಗ ಎಲ್ಲರೂ ಬೀಳುವ ಹಳ್ಳಗಳು.

ಒಂದರಲ್ಲಿ ಎರಡು ಕೇಳುವುದು. "ಅಧ್ಯಾಪಕರು ಸ್ನೇಹದಿಂದ ಇದ್ದು ಸಮಯಕ್ಕೆ ಸಿಗುತ್ತಾರಾ?" ಸ್ನೇಹದಿಂದ ಇದ್ದಾರೆ, ಸಿಗುವುದಿಲ್ಲ. ಏನು ಒತ್ತಬೇಕು? "ಮತ್ತು", "ಹಾಗೂ" ಕಂಡಲ್ಲೆಲ್ಲ ಪ್ರಶ್ನೆಯನ್ನು ಒಡೆಯಿರಿ.

ಉತ್ತರವನ್ನು ಬಾಯಿಗಿಡುವುದು. "ನಮ್ಮ ಸುಸಜ್ಜಿತ ಗ್ರಂಥಾಲಯವನ್ನು ನೀವು ಎಷ್ಟು ಬಳಸುತ್ತೀರಿ?" ಸುಸಜ್ಜಿತ ಅಂತ ನೀವೇ ಹೇಳಿಬಿಟ್ಟಿರಿ.

ಇಲ್ಲ ಎಂಬ ವಾಕ್ಯಕ್ಕೆ ಇಲ್ಲ ಎಂಬ ಆಯ್ಕೆ. "ನಾನು ಕ್ಲಾಸಿನಲ್ಲಿ ಮಾತಾಡುವುದಿಲ್ಲ" ಎಂಬ ಹೇಳಿಕೆಗೆ "ಒಪ್ಪುವುದಿಲ್ಲ" ಅಂತ ಒತ್ತಿದರೆ ಅವನು ಮಾತಾಡುತ್ತಾನೆ ಅಂತ ಅರ್ಥ. ಅವಸರದಲ್ಲಿ ಓದುವವರಲ್ಲಿ ಕೆಲವರು ಇದನ್ನು ತಿರುವುಮುರುವು ಮಾಡಿಯೇ ಮಾಡುತ್ತಾರೆ. ಇಂಗ್ಲಿಷ್ ಮಾದರಿಗಳಲ್ಲಿ ಇಂಥವು ಬೇಕಂತಲೇ ಇರುತ್ತವೆ, ಗಮನವಿಟ್ಟು ಓದುತ್ತಿದ್ದಾರಾ ಅಂತ ನೋಡಲು. ನನ್ನ ಸಲಹೆ, ಬೇಡ.

ಗ್ರಾಂಥಿಕ ಕನ್ನಡ. "ಅಧ್ಯಯನ ಸಂಬಂಧಿತ ಸಂವಾದ" ಅಂತ ಬರೆದರೆ ಬಿ.ಕಾಂ. ಹುಡುಗ ಇಂಗ್ಲಿಷ್‌ನಲ್ಲೇ ಕೊಡಿ ಸಾರ್ ಅನ್ನುತ್ತಾನೆ. ಅವರು ಕ್ಯಾಂಟೀನಿನಲ್ಲಿ ಆಡುವ ಮಾತಿನಲ್ಲಿ ಕೇಳಿ. ಇಂಟರ್ನಲ್ಸ್ ಅಂದರೆ ಇಂಟರ್ನಲ್ಸ್, ಆಂತರಿಕ ಮೌಲ್ಯಮಾಪನ ಅಲ್ಲ. ಕನ್ನಡ ಇಂಗ್ಲಿಷ್ ಎರಡರಲ್ಲೂ ಕೊಡುವುದಾದರೆ, ಒಬ್ಬರು ಅನುವಾದ ಮಾಡಿದ್ದನ್ನು ಮೂಲ ನೋಡದ ಇನ್ನೊಬ್ಬರ ಕೈಲಿ ವಾಪಸ್ ಅನುವಾದ ಮಾಡಿಸಿ. ಎಲ್ಲಿ ಅರ್ಥ ಜಾರಿದೆಯೋ ಅಲ್ಲಿ ತಕ್ಷಣ ಕಾಣುತ್ತದೆ.

ಹಂತ 3: ಆಯ್ಕೆಗಳು

"ಆಗಾಗ", "ಕೆಲವೊಮ್ಮೆ", "ಅಪರೂಪಕ್ಕೆ" ಅಂತ ಕೊಟ್ಟರೆ ಒಬ್ಬೊಬ್ಬರ ಆಗಾಗ ಒಂದೊಂದು. ಆದ್ದರಿಂದ ಆದಷ್ಟು ಲೆಕ್ಕದಲ್ಲಿ ಹೇಳಿ: ಒಮ್ಮೆಯೂ ಇಲ್ಲ, ತಿಂಗಳಿಗೆ ಒಂದೆರಡು ಸಲ, ಹೆಚ್ಚುಕಡಿಮೆ ವಾರಕ್ಕೊಮ್ಮೆ, ವಾರಕ್ಕೆ ಎರಡು ಅಥವಾ ಹೆಚ್ಚು ಸಲ. ಎದ್ದು ಪ್ರಶ್ನೆ ಕೇಳುವಂಥ ಕಡಿಮೆ ನಡೆಯುವ ಕೆಲಸಕ್ಕೆ ಇದು ಹೊಂದದಿದ್ದರೆ "ಸೆಮಿಸ್ಟರ್ ಪೂರ್ತಿ 1ರಿಂದ 3 ಸಲ" ಅಂತ ಬದಲಾಯಿಸಿಕೊಳ್ಳಿ. ನಾಲ್ಕು ಆಯ್ಕೆ ಸಾಕು. ಮಧ್ಯದಲ್ಲಿ "ಹೇಳಲಾಗದು" ಇಟ್ಟರೆ ಬಹಳ ಜನ ಅಲ್ಲೇ ಹೋಗಿ ಕೂರುತ್ತಾರೆ. ಒಂದು ಗುಂಪಿನ ಎಲ್ಲ ಪ್ರಶ್ನೆಗೂ ಅದೇ ಆಯ್ಕೆ, ಅದೇ ಕ್ರಮ ಇರಲಿ.

ಕೊನೆಗೆ ಒಂದೇ ಒಂದು ಬರೆಯುವ ಪ್ರಶ್ನೆ ಇಡಿ. "ನೀವು ಇನ್ನಷ್ಟು ಕಲಿಯಲು ಕಾಲೇಜು ಬದಲಾಯಿಸಬೇಕಾದ ಒಂದು ಸಂಗತಿ ಯಾವುದು?" ಕನ್ನಡ, ಇಂಗ್ಲಿಷ್, ಇಂಗ್ಲಿಷ್ ಅಕ್ಷರದ ಕನ್ನಡ, ಹೇಗೆ ಬರೆದರೂ ನಡೆಯುತ್ತದೆ ಅಂತ ಕೆಳಗೆ ತಿಳಿಸಿ. ಅಷ್ಟು ಹೇಳಿದರೆ ಬರೆಯುವವರು ಜಾಸ್ತಿಯಾಗುತ್ತಾರೆ.

ಹಂತ 4: ಹೆಸರು ಕೇಳಬೇಕಾ?

ಇಲ್ಲಿ ಎರಡು ದಾರಿ ಇವೆ, ಬೆರೆಸಬೇಡಿ. ಅನಾಮಧೇಯ ಅಂದರೆ ಯಾರು ತುಂಬಿದರು ಅಂತ ನಿಮಗೂ ಗೊತ್ತಾಗುವುದಿಲ್ಲ. ಗೌಪ್ಯ ಅಂದರೆ ನಿಮಗೆ ಗೊತ್ತಿರುತ್ತದೆ, ಬೇರೆಯವರಿಗೆ ಹೇಳುವುದಿಲ್ಲ. ಹಾಜರಾತಿ, ಫಲಿತಾಂಶದ ಜೊತೆ ಉತ್ತರಗಳನ್ನು ಜೋಡಿಸಿ ನೋಡಬೇಕಾದರೆ ನೋಂದಣಿ ಸಂಖ್ಯೆ ಬೇಕೇ ಬೇಕು. ಆಗ ಅದು ಗೌಪ್ಯ ಸಮೀಕ್ಷೆ, ಹಾಗೇ ಹೇಳಿ. ರಿಜಿಸ್ಟರ್ ನಂಬರ್ ಕೇಳಿಬಿಟ್ಟು ಮೇಲೆ "ಇದು ಸಂಪೂರ್ಣ ಅನಾಮಧೇಯ" ಅಂತ ಬರೆದರೆ ಹುಡುಗರು ನಗುತ್ತಾರೆ, ಮತ್ತೆ ಎಲ್ಲದಕ್ಕೂ ಒಳ್ಳೆ ಉತ್ತರವನ್ನೇ ಕೊಡುತ್ತಾರೆ. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಮೊದಲ ಸಲ ಮಾಡುತ್ತಿದ್ದರೆ ಅನಾಮಧೇಯವೇ ಸರಿ. ಇನ್ನೊಂದು ಕಾರಣವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತು ಬರುತ್ತದೆ. ಪಿಯುಸಿ ಮುಗಿಸಿ ಬಂದ ಮೊದಲ ಸೆಮಿಸ್ಟರ್‌ನವರಲ್ಲಿ 17ರವರು ಇದ್ದೇ ಇರುತ್ತಾರೆ. ಹೆಸರು, ಫೋನ್, ಇಮೇಲ್ ಏನನ್ನೂ ತೆಗೆದುಕೊಳ್ಳದಿದ್ದರೆ ಆ ತಲೆನೋವು ಬಹುಪಾಲು ಇಳಿಯುತ್ತದೆ.

ಹಿನ್ನೆಲೆಯ ಪ್ರಶ್ನೆಗಳನ್ನು ಕೊನೆಯಲ್ಲಿಡಿ, ಕಡಿಮೆ ಇಡಿ: ವರ್ಷ, ಕೋರ್ಸು, ಲಿಂಗ, ಹಾಸ್ಟೆಲ್ಲೋ ಮನೆಯಿಂದ ಓಡಾಟವೋ, ಮನೆಯಲ್ಲಿ ಡಿಗ್ರಿಗೆ ಸೇರಿದವರಲ್ಲಿ ನೀವೇ ಮೊದಲಿಗರಾ. ಜಾತಿ, ವರ್ಗ, ಆದಾಯ ಇವನ್ನೆಲ್ಲ ಬೇಕಿದ್ದರೆ ಮಾತ್ರ ಕೇಳಿ, ಪ್ರತಿಯೊಂದಕ್ಕೂ "ಹೇಳಲು ಇಷ್ಟವಿಲ್ಲ" ಎಂಬ ಆಯ್ಕೆ ಇರಲಿ. ಹಿನ್ನೆಲೆ ಪ್ರಶ್ನೆ ಜಾಸ್ತಿಯಾದರೆ ಇನ್ನೊಂದು ತೊಂದರೆ. ಎಂ.ಎ. ಕೊನೆಯ ವರ್ಷದಲ್ಲಿ, ಆ ವಿಭಾಗದಲ್ಲಿ, ಹಾಸ್ಟೆಲ್ಲಿನಲ್ಲಿರುವ ಹುಡುಗಿ ಒಬ್ಬಳೇ ಇದ್ದರೆ ಹೆಸರಿಲ್ಲದಿದ್ದರೂ ಯಾರು ಅಂತ ಗೊತ್ತಾಗಿಬಿಡುತ್ತದೆ.

ಹಂತ 5: ಐದಾರು ಜನರ ಮೇಲೆ ಪ್ರಯೋಗ

ಬೇರೆ ಬೇರೆ ಕೋರ್ಸಿನ ಐದಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಫಾರ್ಮ್ ಕೊಡಿ. ಜೋರಾಗಿ ಓದಿ, ತಲೆಯಲ್ಲಿ ಬಂದದ್ದನ್ನೆಲ್ಲ ಹೇಳುತ್ತಾ ತುಂಬಲು ಹೇಳಿ. ನೀವು ಸುಮ್ನೆ ಕೇಳಿಸಿಕೊಳ್ಳಿ, ವಿವರಿಸಲು ಹೋಗಬೇಡಿ. "ಕ್ಲಾಸಿನ ಹೊರಗೆ ಅಂದ್ರೆ ವಾಟ್ಸಾಪ್ ಕೂಡಾನಾ ಮೇಡಂ?" ಎಂಬ ಪ್ರಶ್ನೆ ಇಲ್ಲೇ ಬರಬೇಕು, ಆಮೇಲೆ ಬಂದರೆ ಪ್ರಯೋಜನವಿಲ್ಲ. ಸಮಯವನ್ನೂ ನೋಡಿಕೊಳ್ಳಿ. ಹತ್ತು ನಿಮಿಷ ದಾಟಿದರೆ ಪ್ರಶ್ನೆ ಕಡಿಮೆ ಮಾಡಿ. ಒಂದು ದಿನದ ಕೆಲಸ ಇದು. ಬಹಳ ಕಾಲೇಜುಗಳು ಇದನ್ನೇ ಬಿಟ್ಟುಬಿಡುತ್ತವೆ.

ಹಂತ 6: ಎಲ್ಲರನ್ನೂ ಕೇಳಬೇಕಾ, ಕೆಲವರನ್ನಾ?

ಸಾವಿರ, ಎರಡು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಾದರೆ ಎಲ್ಲರಿಗೂ ಲಿಂಕ್ ಕಳಿಸುವುದೇ ಸುಲಭ. ದೊಡ್ಡ ವಿಶ್ವವಿದ್ಯಾಲಯವಾದರೆ ಮಾದರಿ ಆರಿಸಿಕೊಳ್ಳಬಹುದು, ಅಂದರೆ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸುವುದು. ಎಷ್ಟು ಜನ ಬೇಕು ಅನ್ನುವುದಕ್ಕೆ ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಪಟ್ಟಿಯನ್ನು ನಮ್ಮ ಸಂಶೋಧಕರು ಈಗಲೂ ಬಳಸುತ್ತಾರೆ. 500 ಜನರಿದ್ದರೆ 217, 1000ಕ್ಕೆ 278, 2000ಕ್ಕೆ 322, 10,000ಕ್ಕೆ 370. ಗಮನಿಸಿ, ಒಟ್ಟು ಸಂಖ್ಯೆ ಬೆಳೆದ ಹಾಗೆ ಮಾದರಿ ಅಷ್ಟೇನೂ ಬೆಳೆಯುವುದಿಲ್ಲ. ಈ ಲೆಕ್ಕ ಇಡೀ ಸಂಸ್ಥೆಗೆ ಒಂದು ಅಂದಾಜು ಕೊಡಲು ಮಾತ್ರ. ಪ್ರತಿ ವಿಭಾಗದ ಬಗ್ಗೆ ಬೇರೆ ಬೇರೆ ಹೇಳಬೇಕೆಂದರೆ ಪ್ರತಿ ವಿಭಾಗದಿಂದಲೂ ಸಾಕಷ್ಟು ಜನ ಬೇಕು.

ಇನ್ನೊಂದು ಮಾತು. ಈ ಅಂಕಿ ಹೊಂದುವುದು ಚೀಟಿ ಎತ್ತಿ ಆರಿಸಿದವರೇ ಉತ್ತರ ಕೊಟ್ಟಾಗ. ಕ್ಲಾಸ್ ಗ್ರೂಪಿಗೆ ಲಿಂಕ್ ಎಸೆದು, ಮನಸ್ಸು ಬಂದ 322 ಜನ ತುಂಬಿದರೆ ಅದು ಆ ಲೆಕ್ಕ ಅಲ್ಲವೇ ಅಲ್ಲ. ಪ್ರಬಂಧದಲ್ಲಿ ಹಾಗೆ ಬರೆದರೆ ಮೌಲ್ಯಮಾಪಕರು ಹಿಡಿಯುತ್ತಾರೆ, ಹಿಡಿಯಬೇಕು ಕೂಡ.

ಹಂತ 7: ಫಾರ್ಮಿನ ಸೆಟ್ಟಿಂಗ್

ಸಣ್ಣ ಸಂಗತಿಗಳು, ಆದರೆ ಇವುಗಳಿಂದಲೇ ಸಮೀಕ್ಷೆ ಕೆಡುತ್ತದೆ.

ಕಾಲೇಜಿನ ಗೂಗಲ್ ಖಾತೆಯಲ್ಲಿ ಫಾರ್ಮ್ ಮಾಡಿದರೆ ಅದು ಸಂಸ್ಥೆಯ ಒಳಗಿನವರಿಗೆ ಮಾತ್ರ ತೆರೆಯುವಂತೆ ಇರಬಹುದು. ಸ್ವಂತ ಜಿಮೇಲ್ ಬಳಸುವ ವಿದ್ಯಾರ್ಥಿಗೆ ಅನುಮತಿ ಇಲ್ಲ ಅಂತ ಬರುತ್ತದೆ, ಅವನು ಅಲ್ಲಿಗೇ ಬಿಡುತ್ತಾನೆ. ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಆಗಿದೆಯಾ ನೋಡಿ. ಒಬ್ಬರಿಗೆ ಒಂದೇ ಉತ್ತರ ಎಂಬ ಆಯ್ಕೆ ಹಾಕಿದರೆ ಲಾಗಿನ್ ಕೇಳುತ್ತದೆ. ಅದರಿಂದ ಅವರ ಇಮೇಲ್ ನಿಮಗೆ ಸಿಗುವುದಿಲ್ಲ ನಿಜ, ಆದರೆ ಅದನ್ನು ಯಾವ ವಿದ್ಯಾರ್ಥಿಯೂ ನಂಬುವುದಿಲ್ಲ. ನಾನಾದರೆ ಅದನ್ನು ತೆಗೆದು, ಎರಡು ಸಲ ತುಂಬುವ ಕೆಲವರನ್ನು ಸಹಿಸಿಕೊಳ್ಳುತ್ತೇನೆ.

ಎಲ್ಲ ಪ್ರಶ್ನೆಯನ್ನೂ ಕಡ್ಡಾಯ ಮಾಡಬೇಡಿ. ಉದ್ದದ ಗ್ರಿಡ್ (ಪ್ರಶ್ನೆಗಳು ಸಾಲಾಗಿ, ಆಯ್ಕೆಗಳು ಅಡ್ಡಕ್ಕೆ ಇರುವ ಕೋಷ್ಟಕ) ಸಣ್ಣ ಫೋನಿನಲ್ಲಿ ಪಕ್ಕಕ್ಕೆ ಜಾರುತ್ತದೆ, ಕೊನೆಯ ಆಯ್ಕೆ ಕಾಣುವುದೇ ಇಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಲ್ಲ, ಹಳೆಯ ಒಂದು ಫೋನಿನಲ್ಲಿ ತೆರೆದು ನೋಡಿ. ಫೋನ್ ಇಲ್ಲದವರಿಗೆ, ಡೇಟಾ ಮುಗಿದವರಿಗೆ ಸ್ವಲ್ಪ ಕಾಗದದ ಪ್ರತಿ ಕೂಡ ಇಟ್ಟುಕೊಳ್ಳಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹಾಕಿಸಿ.

ಹಂತ 8: ಯಾವಾಗ, ಹೇಗೆ ಕಳಿಸುವುದು

ಸೆಮಿಸ್ಟರ್ ಶುರುವಾದ ತಕ್ಷಣ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಪರೀಕ್ಷೆ ಹತ್ತಿರ ಬಂದರೆ ಯಾರೂ ತುಂಬುವುದಿಲ್ಲ, ತುಂಬಿದರೂ ಆ ವಾರಗಳ ಓದನ್ನೇ ಇಡೀ ಸೆಮಿಸ್ಟರ್‌ನ ಓದು ಅಂತ ಬರೆಯುತ್ತಾರೆ. ಹತ್ತು ಹನ್ನೆರಡನೆಯ ವಾರ ಸರಿಯಾದ ಹೊತ್ತು. ಶುಲ್ಕ ಕಟ್ಟುವ ವಾರ, ಇಂಟರ್ನಲ್ ಮಾರ್ಕ್ಸ್ ಹಾಕುವ ವಾರ ಬೇಡ.

ಲಿಂಕ್ ಜೊತೆ ಒಂದು ಚಿಕ್ಕ ಪತ್ರ ಇರಲಿ. ಯಾಕೆ ಕೇಳುತ್ತಿದ್ದೇವೆ, ಎಷ್ಟು ನಿಮಿಷ, ಯಾರು ನೋಡುತ್ತಾರೆ, ಯಾವ ದಿನದೊಳಗೆ ಫಲಿತಾಂಶ ತಿಳಿಸುತ್ತೇವೆ, ತುಂಬದಿದ್ದರೆ ಏನೂ ಆಗುವುದಿಲ್ಲ. ಪ್ರಾಂಶುಪಾಲರ ಹೆಸರಿನ ಸರ್ಕ್ಯುಲರ್‌ಗಿಂತ ಕ್ಲಾಸ್ ರೆಪ್ ಹೇಳುವ ಎರಡು ಮಾತು ಜಾಸ್ತಿ ಕೆಲಸ ಮಾಡುತ್ತದೆ. ಕ್ಲಾಸಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಹತ್ತು ನಿಮಿಷ ಕೊಡುವುದು ಒಳ್ಳೆಯದೇ, ಆದರೆ ಆ ಹತ್ತು ನಿಮಿಷ ಅಧ್ಯಾಪಕರು ಹೊರಗಿರಬೇಕು. ಎರಡು ಸಲ ನೆನಪು ಮಾಡಿ, ಮೂರನೆಯದು ಬೇಡ. "ತುಂಬದವರಿಗೆ ಹಾಲ್ ಟಿಕೆಟ್ ಇಲ್ಲ" ಎಂಬ ಬೆದರಿಕೆ ಅಂತೂ ಖಂಡಿತ ಬೇಡ. ಸಂಖ್ಯೆ ಬರುತ್ತದೆ, ಸತ್ಯ ಬರುವುದಿಲ್ಲ.

ಕ್ಲಾಸಿನಲ್ಲಷ್ಟೇ ತುಂಬಿಸಿದರೆ ಕ್ಲಾಸಿಗೆ ಬರದವರು ಬಿಟ್ಟುಹೋಗುತ್ತಾರೆ. ತೊಡಗಿಕೆ ಅಳೆಯುವಾಗ ನಿಮಗೆ ಬೇಕಾದವರೇ ಅವರು! ಅವರಿಗೆ ಮೆಂಟರ್ ಕಡೆಯಿಂದ ಅಥವಾ ಗೆಳೆಯರ ಕಡೆಯಿಂದ ಲಿಂಕ್ ತಲುಪಿಸಿ.

ಹಂತ 9: ಬಂದ ಉತ್ತರಗಳನ್ನು ಹಸನು ಮಾಡುವುದು

ಮೂಲ ಫೈಲನ್ನು ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಅದರಲ್ಲಿ ಕೆಲಸ ಮಾಡಿ. ಸಿಎಸ್‌ವಿ ಫೈಲನ್ನು ನೇರ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಚೆಲ್ಲಾಪಿಲ್ಲಿ ಆಗುವುದುಂಟು, ಗೂಗಲ್ ಶೀಟ್‌ನಿಂದ ಎಕ್ಸೆಲ್ ರೂಪದಲ್ಲೇ ಇಳಿಸಿಕೊಳ್ಳಿ. ಉತ್ತರದ ಪದಗಳನ್ನು ಅಂಕಿಗೆ ಬದಲಾಯಿಸಿ (ಹೇಗೆ ಅಂತ ಹಂತ 10ರಲ್ಲಿದೆ). ಎಲ್ಲ ಸಾಲಿಗೂ ಒಂದೇ ಆಯ್ಕೆ ಒತ್ತಿದವರನ್ನು ಗುರುತಿಸಿ. ಒಂದು ಗುಂಪಿನ ಪ್ರಶ್ನೆಗಳಲ್ಲಿ ಹಾಗಿದ್ದರೆ ನಿಜ ಇರಬಹುದು, ಇಡೀ ಫಾರ್ಮು ಹಾಗಿದ್ದರೆ ತೆಗೆಯಿರಿ. ವಾರಕ್ಕೆ 168 ಗಂಟೆ. ಓದು, ಕೆಲಸ, ಓಡಾಟ ಕೂಡಿ ಅದನ್ನೂ ಮೀರಿಸಿದವರು ಒಬ್ಬಿಬ್ಬರು ಸಿಗುತ್ತಾರೆ. ಎಷ್ಟು ತೆಗೆದಿರಿ, ಯಾಕೆ ತೆಗೆದಿರಿ ಅಂತ ಬರೆದಿಡಿ.

ಆಮೇಲೆ ಯಾರು ಉತ್ತರಿಸಿಲ್ಲ ಅಂತ ನೋಡಿ. ಪ್ರವೇಶ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿ. ಒಂದು ಉದಾಹರಣೆ. ಪಟ್ಟಿಯಲ್ಲಿ ಹುಡುಗ ಹುಡುಗಿಯರು ಅರ್ಧರ್ಧ, ಆದರೆ ಉತ್ತರಿಸಿದವರಲ್ಲಿ ನೂರಕ್ಕೆ 80 ಹುಡುಗಿಯರು ಅಂತಿಟ್ಟುಕೊಳ್ಳಿ. ಹುಡುಗಿಯರ ಅಂಕದ ಸರಾಸರಿ 34, ಹುಡುಗರದು 24. ಸುಮ್ನೆ ಸರಾಸರಿ ತೆಗೆದರೆ 32 ಬರುತ್ತದೆ. ಪಟ್ಟಿಯಲ್ಲಿರುವ ಪಾಲಿಗೆ ತಕ್ಕಂತೆ ತೂಗಿದರೆ 29. ಈ ತೂಗುವ ಕೆಲಸಕ್ಕೆ ವೇಟಿಂಗ್ (weighting) ಅನ್ನುತ್ತಾರೆ. ಇದು ಎಲ್ಲವನ್ನೂ ಸರಿಮಾಡುವುದಿಲ್ಲ, ಯಾಕೆಂದರೆ ಉತ್ತರಿಸದ ಹುಡುಗರು ಉತ್ತರಿಸಿದ ಹುಡುಗರಂತೆಯೇ ಇದ್ದಾರೆ ಅಂತ ಹೇಳಲಾಗದು.

ಹಂತ 10: ಅಂಕ ಕೊಡುವುದು

ಎನ್‌ಎಸ್‌ಎಸ್‌ಇಯ ಲೆಕ್ಕ ಸರಳ, ಅದನ್ನೇ ಹಿಡಿಯಬಹುದು. ನಾಲ್ಕು ಆಯ್ಕೆಗೆ 0, 20, 40, 60. ಒಂದು ಗುಂಪಿನಲ್ಲಿ ನಾಲ್ಕು ಪ್ರಶ್ನೆ ಇದ್ದು ಒಬ್ಬಳು 40, 20, 0, 60 ಪಡೆದರೆ ಅವಳ ಅಂಕ 30. ಎಲ್ಲರ ಅಂಕದ ಸರಾಸರಿ ಆ ಗುಂಪಿನ ಅಂಕ. ನೆನಪಿಡಿ, ಗರಿಷ್ಠ 60. 30 ಅಂದರೆ ಶೇಕಡಾ 30 ಅಲ್ಲ. ವರದಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಯದಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ಗಲಾಟೆ ಗ್ಯಾರಂಟಿ.

ಗುಂಪಿನ ಪ್ರಶ್ನೆಗಳು ನಿಜವಾಗಿ ಒಂದೇ ಸಂಗತಿಯನ್ನು ಕೇಳುತ್ತಿವೆಯಾ ಅಂತ ನೋಡಲು ಕ್ರೋನ್‌ಬಾಕ್ ಆಲ್ಫಾ ಎಂಬ ಅಳತೆ ಇದೆ. ಪ್ರಶ್ನೆಗಳ ಉತ್ತರ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅದು 1ರ ಹತ್ತಿರ ಹೋಗುತ್ತದೆ. 0.7 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಜಮೋವಿ ಎಂಬ ಉಚಿತ ತಂತ್ರಾಂಶದಲ್ಲಿ ನಾಲ್ಕು ಕ್ಲಿಕ್ಕಿಗೆ ಬರುತ್ತದೆ. ಕಡಿಮೆ ಬಂದರೆ ಯಾವ ಪ್ರಶ್ನೆ ತೆಗೆದರೆ ಏರುತ್ತದೆ ಅಂತಲೂ ತೋರಿಸುತ್ತದೆ. ಆದರೆ ಆಲ್ಫಾ ಏರಿಸಲೆಂದೇ ಒಳ್ಳೆಯ ಪ್ರಶ್ನೆ ಕಿತ್ತುಹಾಕಬೇಡಿ.

ನಾಲ್ಕೂ ಗುಂಪು ಕೂಡಿಸಿ "ನಮ್ಮ ಕಾಲೇಜಿನ ತೊಡಗಿಕೆ ಇಷ್ಟು" ಅಂತ ಒಂದೇ ಅಂಕಿ ಹೇಳುವ ಆಸೆ ಬರುತ್ತದೆ. ಬ್ಯಾನರಿಗೆ ಚೆನ್ನಾಗಿ ಕಾಣುತ್ತದೆ, ಕೆಲಸಕ್ಕೆ ಬರುವುದಿಲ್ಲ. ಗೆಳೆಯರ ಜೊತೆ ಕಲಿಕೆ ತುಂಬಾ ಚೆನ್ನಾಗಿದ್ದು ಅಧ್ಯಾಪಕರ ಒಡನಾಟ ನೆಲಕಚ್ಚಿದ್ದರೆ, ಕೂಡಿಸಿದಾಗ ಎರಡೂ ಮುಚ್ಚಿಹೋಗುತ್ತವೆ. ಬೇರೆ ಬೇರೆಯಾಗಿಯೇ ತೋರಿಸಿ. ವಿಭಾಗಗಳಿಗೆ ರ‍್ಯಾಂಕ್ ಕೂಡ ಕೊಡಬೇಡಿ. 18 ಜನರಿರುವ ವಿಭಾಗದ ಸರಾಸರಿ ಇಬ್ಬರ ಮೂಡಿನ ಮೇಲೆ ಏರಿಳಿಯುತ್ತದೆ. ಚೀಟಿ ಎತ್ತಿ ಆರಿಸಿದ 100 ಜನರಲ್ಲಿ ಬಂದ ಶೇಕಡಾವಾರು ಅಂಕಿಯೇ ಆ ಕಡೆ ಈ ಕಡೆ 10ರಷ್ಟು ಸರಿಯಬಹುದು, 400 ಜನರಾದರೆ 5ರಷ್ಟು. ಹೀಗಿರುವಾಗ ಒಂದೆರಡು ಅಂಕದ ವ್ಯತ್ಯಾಸ ಹಿಡಿದು ಒಂದು ವಿಭಾಗದ ಮುಖ್ಯಸ್ಥರನ್ನು ನಿಲ್ಲಿಸಿ ಕೇಳುವುದು ಅನ್ಯಾಯ. 10ಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಬೇರೆಯಾಗಿ ತೋರಿಸಲೇಬೇಡಿ.

ಬರೆದು ಕೊಟ್ಟ ಸಲಹೆಗಳನ್ನು ಇಬ್ಬರು ಬೇರೆ ಬೇರೆ ಕೂತು ಓದಿ ವಿಷಯವಾರು ವಿಂಗಡಿಸಿ. ಅದರಲ್ಲಿ ಅಧ್ಯಾಪಕರ ಹೆಸರು ಬಂದಿದ್ದರೆ ವರದಿಗೆ ಹೋಗುವ ಮುಂಚೆ ತೆಗೆಯಿರಿ. ಕಿರುಕುಳದಂಥ ದೂರು ಕಂಡರೆ ಮಾತ್ರ ಅದನ್ನು ಅಂಕಿಯ ಜೊತೆ ಸೇರಿಸದೆ, ಸಂಬಂಧಪಟ್ಟ ದೂರು ಸಮಿತಿಗೆ ಅದೇ ದಿನ ತಲುಪಿಸಿ. ಇದನ್ನು ಯಾರು ಮಾಡುತ್ತಾರೆ ಅಂತ ಫಾರ್ಮ್ ಬಿಡುವ ಮುಂಚೆಯೇ ಗೊತ್ತು ಮಾಡಿಕೊಂಡಿರಿ.

ಹಂತ 11: ವಿದ್ಯಾರ್ಥಿಗಳಿಗೆ ವಾಪಸ್ ಹೇಳಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ, ಮುಂದಿನ ವರ್ಷ ಯಾಕೆ ಯಾರೂ ತುಂಬಲಿಲ್ಲ ಅಂತ ಆಮೇಲೆ ಗೊಣಗುತ್ತಾರೆ. ಉದ್ದದ ವರದಿ ಬೇಡ. ನೋಟಿಸ್ ಬೋರ್ಡಿಗೂ ಕ್ಲಾಸ್ ಗ್ರೂಪಿಗೂ ಒಂದೇ ಹಾಳೆ. ನೀವು ಹೇಳಿದ್ದು ಇದು, ನಾವು ಬದಲಾಯಿಸುತ್ತಿರುವುದು ಇದು, ಇದನ್ನು ಈಗ ಬದಲಾಯಿಸಲಾಗದು, ಕಾರಣ ಇದು. ಕೊನೆಯದನ್ನು ಬಿಡಬೇಡಿ. ಆಗುವುದಿಲ್ಲ ಅಂತ ನೇರವಾಗಿ ಹೇಳಿದರೆ ಹುಡುಗರು ಬೇಸರಪಡುವುದಿಲ್ಲ, ಹೇಳದೆ ಬಿಟ್ಟರೆ ಪಡುತ್ತಾರೆ. ಬದಲಾವಣೆ ಚಿಕ್ಕದಿದ್ದರೂ ಪರವಾಗಿಲ್ಲ, ಅದೇ ಸೆಮಿಸ್ಟರ್‌ನಲ್ಲಿ ಕಾಣಬೇಕು. ಲೈಬ್ರರಿ ಒಂದು ಗಂಟೆ ಬೇಗ ತೆರೆಯುವುದು, ವಾರಕ್ಕೊಮ್ಮೆ ಅಧ್ಯಾಪಕರು ಇಂಥ ಹೊತ್ತಿಗೆ ಸಿಗುತ್ತಾರೆ ಅಂತ ಬಾಗಿಲಿಗೆ ಅಂಟಿಸುವುದು, ಎನ್‌ಎಸ್‌ಎಸ್ ಚಟುವಟಿಕೆಯನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ತರುವುದು.

ಹಂತ 12: ಮುಂದಿನ ವರ್ಷಕ್ಕೆ ಕಟ್ಟಿಡುವುದು

ಫಾರ್ಮಿನ ಪ್ರತಿ, ಪ್ರಶ್ನೆಗಳ ಅಂತಿಮ ರೂಪ, ಅಂಕ ಹಾಕಿದ ಕ್ರಮ, ತೆಗೆದುಹಾಕಿದವರ ಲೆಕ್ಕ, ಕಳಿಸಿದ ದಿನ, ಮುಚ್ಚಿದ ದಿನ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ. ನಿಮ್ಮ ಸ್ವಂತ ಖಾತೆಯಲ್ಲಿ ಬೇಡ. ವರ್ಗಾವಣೆಯಾಗಿ ಹೋದರೆ, ಗೆಸ್ಟ್ ಲೆಕ್ಚರರ್ ಆಗಿದ್ದು ಮುಂದಿನ ವರ್ಷ ಕರೆಯದಿದ್ದರೆ, ಎಲ್ಲ ನಿಮ್ಮ ಜೊತೆಗೇ ಹೋಗುತ್ತದೆ. ಗೌಪ್ಯ ಸಮೀಕ್ಷೆ ಮಾಡಿದ್ದರೆ ನೋಂದಣಿ ಸಂಖ್ಯೆ ಇರುವ ಫೈಲನ್ನು ಬೇರೆ ಇಟ್ಟು, ಜೋಡಿಸುವ ಕೆಲಸ ಮುಗಿದ ಮೇಲೆ ಅಳಿಸಿ.

ಮುಂದಿನ ಸಲ ಪ್ರಶ್ನೆಗಳನ್ನು ಚೆಂದ ಮಾಡಲು ಕೈ ತುರಿಸುತ್ತದೆ. ಬಹುಪಾಲು ಪ್ರಶ್ನೆಗಳು ಅಕ್ಷರ ಬದಲಾಗದೆ ಹಾಗೇ ಇರಲಿ, ಮೂರ್ನಾಲ್ಕು ಮಾತ್ರ ಹೊಸದು ಸೇರಿಸಿ. ಇಲ್ಲದಿದ್ದರೆ ಅಂಕ ಏರಿದ್ದು ಕಾಲೇಜು ಸುಧಾರಿಸಿದ್ದಕ್ಕಾ, ಪ್ರಶ್ನೆ ಬದಲಾಗಿದ್ದಕ್ಕಾ ಅಂತ ಹೇಳಲಾಗುವುದಿಲ್ಲ. ಅದೇ ಕಾರಣಕ್ಕೆ ಅದೇ ಸೆಮಿಸ್ಟರ್‌ನ ಅದೇ ವಾರಗಳಲ್ಲಿ ಕೇಳಿ. ಬೆಸ ಸೆಮಿಸ್ಟರ್‌ನಲ್ಲಿ ಮಾಡಿದ್ದನ್ನು ಸಮ ಸೆಮಿಸ್ಟರ್‌ಗೆ ಹೋಲಿಸಲು ಹೋಗಬೇಡಿ. ಪ್ರತಿ ಸೆಮಿಸ್ಟರ್‌ಗೂ ಬೇಕಿಲ್ಲ, ವರ್ಷಕ್ಕೊಮ್ಮೆ ಸಾಕು.